ಬೆಸ

ಫೋನು ಬಂದಾಗ ಬಕೆಟ್ಟು ತೊಳೆಯುತ್ತಿದ್ದೆ.
ಯಾರೋ ಗಂಡಸು. ಹಿಂದೆ ಸಮುದ್ರದ ಸದ್ದು,
ಅಥವಾ ಲಾರಿಗಳದ್ದು.
"ಆಬೆಲಿಯಲ್ಲಿ ಹೂವಿನಂಗಡಿ ನಿಮ್ಮದೊಂದೇ ಅಂತೆ."
ಒಂದೇ. ಅದೂ ಅರ್ಧ.
ಉಳಿದರ್ಧದಲ್ಲಿ ನನ್ನ ತಮ್ಮ ಬೀಗದ ಕೈ ಮಾಡುತ್ತಾನೆ.
ರೀಗಾದ ಬಸ್ಸು ದಿನಕ್ಕೆರಡು ಸಲ ಬರುವ ಊರಿಗೆ
ಅರ್ಧ ಅಂಗಡಿ ಸಾಕು.

"ಒಂದು ಗುಚ್ಛ ಬೇಕು. ಖುಷಿಯಾಗಿರುವಂಥದ್ದು."
ಹೂವಿಗೆ ಖುಷಿ ಇರುತ್ತದೋ ಇಲ್ಲವೋ
ಇಪ್ಪತ್ತಾರು ವರ್ಷದಲ್ಲಿ ನನಗೆ ತಿಳಿದಿಲ್ಲ,
ಬಾಡುವುದು ಮಾತ್ರ ಗೊತ್ತು.
ಆದರೂ ಬರೆದುಕೊಂಡೆ: ಖುಷಿ, ಹದಿನೆಂಟು ಯೂರೋ.

ಯಾರಿಗೆ? ಜಿಂತ್ರಾ ವಾನಗಾಗೆ.
ಸ್ಟೇಷನ್ನಿನ ಟಿಕೆಟ್ ಕಿಂಡಿಯ ಹಿಂದೆ ಮೂವತ್ತು ವರ್ಷ ಕೂತವಳು,
ಟಿಕೆಟ್ಟಿನ ಜೊತೆ ಬುದ್ಧಿಮಾತೊಂದು ಪುಕ್ಕಟೆ ಕೊಟ್ಟವಳು.
'ಕಿಟಕಿ ಬದಿ ಕೂರಬೇಡ, ಕಿವಿನೋವು ಬರುತ್ತೆ.'
'ಆ ಹುಡುಗಿಗೆ ಕಾಗದ ಬರಿ, ಮುಖ ಆಮೇಲೆ ತೋರಿಸು.'
'ಹೋಗುವುದಕ್ಕೆ ಮಾತ್ರ ಯಾಕೆ? ಬರುವುದಕ್ಕೂ ತಗೋ.'
ಈಗ ರೈಲಿಲ್ಲ. ಹಳಿ ಕಿತ್ತ ಜಾಗದಲ್ಲಿ
ಮಕ್ಕಳು ಸೈಕಲ್ ಕಲಿಯುತ್ತಾರೆ.
ಬುದ್ಧಿಮಾತು ನಿಂತಿಲ್ಲ.

"ಚೀಟಿಯಲ್ಲಿ ಏನು ಬರೆಯಲಿ?"
ಸ್ವಲ್ಪ ಹೊತ್ತು ಬರೀ ಸಮುದ್ರವೋ ಲಾರಿಯೋ.
"ನೀವು ಹೇಳಿದ್ದೇ ಸರಿ."
ಹೆಸರು?
"ಅಷ್ಟೇ ಸಾಕು."

ಎಣಿಸಿ ಕಟ್ಟಿದೆ. ಜರ್ಬೆರಾ ಐದು, ಟ್ಯುಲಿಪ್ ನಾಲ್ಕು,
ನೀಲಿ ಐರಿಸ್ ಎರಡು. ಹನ್ನೊಂದು.
ನಮ್ಮ ಕಡೆ ಸರಿಸಂಖ್ಯೆ ಸತ್ತವರಿಗೆ.
ಎರಡು, ನಾಲ್ಕು, ಹತ್ತು: ಮಣ್ಣಿನ ಮೇಲಿಡುವ ಲೆಕ್ಕ.
ಉಸಿರಿರುವವರಿಗೆ ಬೆಸವೇ ಆಗಬೇಕು.
ಜೋಡಿ ಸಿಗದ ಒಂದು ಹೂ ಇರಬೇಕು ಕಟ್ಟಿನಲ್ಲಿ,
ಇನ್ನೂ ಏನೋ ಬಾಕಿ ಇದೆ ಅನ್ನುವ ಹಾಗೆ.

ನಿಕ್ಲಾವ್ಸ್ ಸೈಕಲ್ಲಿನಲ್ಲಿ ಒಯ್ದ, ಹದಿನೈದರ ಹುಡುಗ.
ಏಳು ನಿಮಿಷದ ದಾರಿ, ಐವತ್ತು ಹಿಡಿಯಿತು.
ಔಷಧಿ ಅಂಗಡಿಯ ವೆಲ್ಗಾ ಚೀಟಿ ಓದಿದಳು.
ಬ್ರೆಡ್ಡಿಗೆ ನಿಂತ ಸಾಲು ಓದಿತು.
ಪಾದ್ರಿ ಓದಲಿಲ್ಲ, ಓದಿಸಿಕೊಂಡರು.
ಏನು ಸರಿ? ಯಾವಾಗ ಹೇಳಿದ್ದು? ಯಾವನಿಗೆ?
ಹೂವು ಸೇತುವೆ ದಾಟುವಷ್ಟರಲ್ಲಿ
ಊರಿನ ಬಾಯಲ್ಲಿ ಮೂರು ಮದುವೆಯಾಗಿ
ಎರಡು ಮುರಿದುಬಿದ್ದಿದ್ದವು.

ಸೇತುವೆಯಾಚೆ ಎವಾಲ್ಡ್ಸನ ನಾಯಿ.
ಬ್ರೇಕು ಹಿಡಿಯಲಿಲ್ಲ.
ಒಂದು ಜರ್ಬೆರಾ ಕತ್ತು ಮುರಿದುಕೊಂಡು ರಸ್ತೆಗೆ.
ಹುಡುಗ ಎಣಿಸಿದ, ಹತ್ತು.
ಮತ್ತೆ ಎಣಿಸಿದ, ಹತ್ತೇ.
ಸರಿಯಾಗಿಬಿಟ್ಟಿತ್ತು.

ಇನ್ನೊಂದನ್ನು ಕಿತ್ತೆಸೆದರೆ ಒಂಬತ್ತು, ಲೆಕ್ಕ ಕೂಡುತ್ತಿತ್ತು.
ನಾನಾದರೆ ಅದನ್ನೇ ಮಾಡುತ್ತಿದ್ದೆ.
ಅವನು ಬೇಲಿಯ ಬುಡಕ್ಕೆ ಬಗ್ಗಿದ.
ಮೇ ತಿಂಗಳು. ಹಾಲುಹೂ ಊರೆಲ್ಲ ಚೆಲ್ಲಿತ್ತು.
ಮುರಿದರೆ ಬಿಳಿ ಹಾಲು ಜಿನುಗುವ,
ಮೊಲ ಸಾಕಿದವರು ಮಾತ್ರ ಕೀಳುವ ಹಳದಿ.
ಒಂದನ್ನು ನಡುವೆ ಸಿಕ್ಕಿಸಿ
ಪ್ಯಾಂಟಿಗೆ ಕೈ ಒರೆಸಿಕೊಂಡು
ಬಾಗಿಲು ತಟ್ಟಿದ.

ಜಿಂತ್ರಾ ಮೊದಲು ಎಣಿಸಿದಳಂತೆ, ಆಮೇಲೆ ಚೀಟಿ.
"ನಾನು ಹೇಳಿದ್ದು ಸರಿ. ಅದೇನೋ ಸರಿ.
ಆದರೆ ಯಾವುದು?"
ಕನ್ನಡಕ ಏರಿಸಿದಳು, ಇಳಿಸಿದಳು, ಚೀಟಿ ತಿರುಗಿಸಿದಳು,
ಇಷ್ಟೊಂದು ಜನ, ಇಷ್ಟೊಂದು ರೈಲು.
ಕೊನೆಗೆ ಹುಡುಗನಿಗಂದಳು: "ಬ್ರೇಕು ಮಾಡಿಸು."

ಮಾರನೆಯ ಬೆಳಿಗ್ಗೆ ನನಗೆ ಫೋನು.
"ನಿನ್ನ ಅಂಗಡಿಯಲ್ಲಿ ಹಾಲುಹೂ ಯಾವತ್ತಿನಿಂದ?"
ನನಗೇನು ಗೊತ್ತು, ಸುಮ್ಮನಿದ್ದೆ.
"ನಿನ್ನೆ ಸಂಜೆ ಮುದುಡಿಕೊಂಡಿತು, ಮುಗಿಯಿತು ಅಂದುಕೊಂಡೆ.
ರಾತ್ರಿಯೆಲ್ಲ ಮೇಜಿನ ಮೇಲೆ ಹತ್ತೇ ಹೂ,
ನಿದ್ದೆ ಹತ್ತಲಿಲ್ಲ ಕಣೇ.
ಈಗ ಎದ್ದು ನೋಡಿದರೆ
ತೆರೆದು ಕೂತಿದೆ, ಟಿಕೆಟ್ ಕಿಂಡಿಯ ಹಾಗೆ.
ಎಷ್ಟು ಅದಕ್ಕೆ?"

ಅದನ್ನು ಯಾರೂ ಮಾರುವುದಿಲ್ಲ, ಅಂದೆ.

"ಮಾರು," ಅಂದಳು, "ನನ್ನ ಮಾತು ಕೇಳು.
ಬೆಲೆ ಮಾತ್ರ ದುಬಾರಿ ಇಡು."